ಮಲಗಿಸಿದ ಸಿಲಿಂಡರ್ ಟ್ಯಾಂಕಲ್ಲಿ ಕಾಲು ಎತ್ತರ ಅಂದ್ರೆ ಕಾಲು ಭಾಗ ನೀರು ಅಲ್ವಾ?

ಹಳೇಟ್ಯಾಂಕ್
ಎಲ್ಲರಿಗೂ ನಮಸ್ಕಾರ, ಒಂದು ಡೌಟು. ನಮ್ಮಲ್ಲಿ ನೀರಿಗೆ ಸಿಲಿಂಡರ್ ಆಕಾರದ ಟ್ಯಾಂಕ್ ಇದೆ, ನಿಲ್ಲಿಸಿರೋದಲ್ಲ, ಅಡ್ಡ ಮಲಗಿಸಿರೋದು. ವ್ಯಾಸ 1 ಮೀಟರ್, ಉದ್ದ 2 ಮೀಟರ್, ಫುಲ್ ಆದ್ರೆ ಸುಮಾರು 1571 ಲೀಟರ್. ಕೂರಿಸಿದವರು ಮೇಲಿಂದ ಇಳಿಬಿಟ್ಟು ನೋಡೋಕೆ ಒಂದು ಕೋಲು ಕೊಟ್ಟಿದ್ದಾರೆ, 25 ಸೆಂ.ಮೀ.ಗೊಂದು ಗೆರೆ ಹಾಕಿ ಕಾಲು, ಅರ್ಧ, ಮುಕ್ಕಾಲು ಅಂತ ಬರೆದು. ಅರ್ಧದ ಗೆರೆ ಕರೆಕ್ಟಾಗೇ ಬರುತ್ತೆ. ಆದ್ರೆ ಕಾಲು ಅಂತ ತೋರಿಸಿದಾಗ 390 ಚಿಲ್ಲರೆ ಲೀಟರ್ ಇರ್ಬೇಕು, ಮೀಟರ್ ಹಾಕಿ ಖಾಲಿ ಮಾಡಿದ್ರೆ 300ರ ಆಸುಪಾಸಲ್ಲೇ ಮುಗಿದೋಗುತ್ತೆ. ಟ್ಯಾಂಕ್ ಸೋರ್ತಿಲ್ಲ. ಈ ಕಡೆಯಿಂದ ಆ ಕಡೆವರೆಗೂ ಒಂದೇ ವ್ಯಾಸ ಇರೋ ಸಿಲಿಂಡರ್ ತಾನೆ, ಕಾಲು ಎತ್ತರಕ್ಕೆ ಕಾಲು ನೀರು ಬರಲೇಬೇಕಲ್ವಾ?

ಸುಮ್ನೆಓದೋನು
ನಿಲ್ಲಿಸಿದ್ರೆ ಬರುತ್ತೆ. ಮಲಗಿಸಿದ್ರೆ ಬರಲ್ಲ. ಅಷ್ಟೆ.

ತ್ರಿಜ್ಯ
ಅಷ್ಟೆ ಅಂದ್ರೆ ಹೇಗೆ ಗುರು, ಅವರು ಯಾಕೆ ಅಂತ ಕೇಳ್ತಿರೋದು.

ನಿಂತಿರೋ ಸಿಲಿಂಡರಲ್ಲಿ ನೀರಿನ ಮೇಲ್ಮೈ ಯಾವ ಎತ್ತರದಲ್ಲಿ ನೋಡಿದ್ರೂ ಅದೇ ವೃತ್ತ, ಅದಕ್ಕೆ ಒಂದೊಂದು ಸೆಂಟಿಮೀಟರಿಗೂ ಅಷ್ಟಷ್ಟೇ ನೀರು. ಮಲಗಿದಾಗ ನೀರಿನ ಮೇಲ್ಮೈ ಒಂದು ಆಯತ, ಅದರ ಉದ್ದ ಯಾವಾಗ್ಲೂ 2 ಮೀಟರೇ, ಅಗಲ ಮಾತ್ರ ಬದಲಾಗ್ತಾ ಹೋಗುತ್ತೆ: ತಳದಲ್ಲಿ ಸೊನ್ನೆ, ನಡುವಲ್ಲಿ ಪೂರ್ತಿ 1 ಮೀಟರ್, ಮತ್ತೆ ಮೇಲೆ ಸೊನ್ನೆ. ಹಾಗಾಗಿ ತಳದ ಸೆಂಟಿಮೀಟರಲ್ಲಿ ನೀರು ಏನೂ ಇಲ್ಲ, ನಡುವಿನ ಸೆಂಟಿಮೀಟರಲ್ಲಿ ಜಾಸ್ತಿ.

ಲೆಕ್ಕ ಬೇಕಂದ್ರೆ: ಕೇಂದ್ರದಿಂದ ನೀರಿನ ಮಟ್ಟದ ತುದಿಗೆ ಒಂದು ತ್ರಿಜ್ಯ ಎಳೀರಿ, ನೇರ ಕೆಳಕ್ಕೆ ಇನ್ನೊಂದು, ಅವೆರಡರ ನಡುವಿನ ಕೋನ ಥೀಟಾ. ನೀರು ನಿಂತಿರೋ ವೃತ್ತಖಂಡದ ವಿಸ್ತೀರ್ಣ = ತ್ರಿಜ್ಯದ ವರ್ಗ × (ಥೀಟಾ − ಸೈನ್ ಥೀಟಾ × ಕಾಸ್ ಥೀಟಾ). ಥೀಟಾ ರೇಡಿಯನ್‌ನಲ್ಲಿರ್ಬೇಕು, ಡಿಗ್ರಿ ಹಾಕಿ ಆಮೇಲೆ ಬೈಬೇಡಿ. ಕಾಲು ಎತ್ತರಕ್ಕೆ ಥೀಟಾ 60 ಡಿಗ್ರಿ, ಅಂದ್ರೆ 1.0472. ಉತ್ತರ ಒಟ್ಟು ವೃತ್ತದ 19.55%. ನಿಮ್ಮ ಟ್ಯಾಂಕಿಗೆ 307 ಲೀಟರ್. ನಿಮ್ಮ ಮೀಟರ್ ಸರಿಯಾಗೇ ಹೇಳ್ತಿದೆ.

ಹಳೇಟ್ಯಾಂಕ್
ಅಬ್ಬಾ, 307 ಅಂತ ಕರೆಕ್ಟಾಗಿ ಬಂತಲ್ಲ! ಹಾಗಾದ್ರೆ ನಿಜವಾದ ಕಾಲು ಭಾಗ ಎಲ್ಲಿ ಬರುತ್ತೆ?

ತ್ರಿಜ್ಯ
29.8 ಸೆಂ.ಮೀ. ಹತ್ರ. ಮುಕ್ಕಾಲು ತಳದಿಂದ 70.2ಕ್ಕೆ. ಇದಕ್ಕೆ ನೇರವಾಗಿ ಸೂತ್ರ ತಿರುಗಿಸಿ ಬಿಡಿಸೋಕಾಗಲ್ಲ, ಥೀಟಾ ಒಳಗೂ ಇದೆ ಸೈನ್ ಒಳಗೂ ಇದೆ, ಸ್ವಲ್ಪ ಸ್ವಲ್ಪ ಬದಲಾಯಿಸಿ ಹತ್ರ ಹೋಗಬೇಕು.

ಶಾರ್ಟ್‌ಕಟ್ ಶೂರ
ಇಷ್ಟೆಲ್ಲಾ ಯಾಕೆ? ಅರ್ಧಕ್ಕಿಂತ ಕೆಳಗಿದ್ರೆ ಶೇಕಡಾ 5 ಕಳೀರಿ, ಮೇಲಿದ್ರೆ 5 ಕೂಡಿಸಿ. ಮುಗೀತು.

ಪೈಪ್ರಿಯೆ
ಶೂರರೇ, 5% ಎತ್ತರದಲ್ಲಿ ನಿಮ್ಮ ಲೆಕ್ಕಕ್ಕೆ ಟ್ಯಾಂಕ್ ಖಾಲಿ 😄 ನಿಜಕ್ಕೂ 1.87% ಇರುತ್ತೆ. 40% ಎತ್ತರದಲ್ಲಿ ನೀವು 35 ಅಂತೀರಿ, ಇರೋದು 37.4. ಅರ್ಧದ ಗೆರೆಗಿಂತ ಒಂದು ಕೂದಲೆಳೆ ಕೆಳಗೆ ಬಂದ ತಕ್ಷಣ 5% ನೀರು ಮಾಯ ಆಗುತ್ತಾ?

ಶಾರ್ಟ್‌ಕಟ್ ಶೂರ
10ರಿಂದ 30ರವರೆಗೆ ಹಾಕಿ ನೋಡಿ ಮೇಡಂ.

ಪೈಪ್ರಿಯೆ
ಹಾಕಿದೆ. 10ಕ್ಕೆ 5.2, 20ಕ್ಕೆ 14.2, 25ಕ್ಕೆ 19.6, 30ಕ್ಕೆ 25.2. ಸರಿ, ಆ ಒಂದು ಭಾಗದಲ್ಲಿ ನಡಿಯುತ್ತೆ. ಅದರಾಚೆಗೆ ಇಟ್ಕೋಬೇಡಿ.

ವೆಲ್ಡಿಂಗ್ ಬಸಣ್ಣ
ನಾ ಒಂದ್ ಮಾತ್ ಕೇಳ್ತೀನ್ರಿ, ನಿಮ್ಮ ಟ್ಯಾಂಕಿನ ಎರಡೂ ಕಡೆ ಮುಚ್ಚಳ ಚಪ್ಪಟೆ ಐತೋ ಉಬ್ಬೈತೋ? ಯಾಕಂದ್ರ ಇಂಥಾ ಟ್ಯಾಂಕಿಗೆ ಡಿಶ್ ಎಂಡ್ ಹಾಕೋದು ಬಾಳ. ಉಬ್ಬಿದ್ರ ಆ ಉಬ್ಬಿನೊಳಗೂ ನೀರು ಹಿಡೀತದ, ನಿಮ್ಮ ಸೈನ್ ಕಾಸ್ ಎಲ್ಲಾ ಆ ಭಾಗಕ್ಕ ಹೊಂದೂದಿಲ್ಲ. ಮತ್ತ ಟ್ಯಾಂಕ್ ಒಂದು ಕಡೆ ಸ್ವಲ್ಪ ಇಳಿಜಾರಾಗಿ ಕೂಡ್ಸಿರ್ತಾರ, ನೀರು ಪೂರ್ತಿ ಬಸೀಲಿ ಅಂತ. ಆವಾಗ ಕೋಲು ಯಾವ ತುದ್ಯಾಗ ಬಿಡ್ತೀರಿ ಅನ್ನೂದರ ಮ್ಯಾಲ ರೀಡಿಂಗ್ ಬ್ಯಾರೆ ಬ್ಯಾರೆ. ಸುಮ್ನ ಅಳತಿ ಮಾಡಿದ ಕ್ಯಾನಿನಿಂದ 50-50 ಲೀಟರ್ ಹಾಕ್ಕೊಂತ ಕೋಲಿಗೆ ಗೆರಿ ಹೊಡ್ಕೊಂತ ಹೋಗ್ರಿ. ಡಿಪ್ ಚಾರ್ಟ್ ಅಂದ್ರ ಅದೇ.

ಹಳೇಟ್ಯಾಂಕ್
ಚಪ್ಪಟೆನೇ ಬಸಣ್ಣ. ಆದ್ರೂ ನೀವು ಹೇಳಿದ ಹಾಗೇ ಮಾಡ್ತೀನಿ, ಮೀಟರ್ ಹೇಗಿದ್ರೂ ಇದೆ. ಎಲ್ಲರಿಗೂ ಥ್ಯಾಂಕ್ಸ್.

ಗೋಡೆಮೇಲಿನ ಹಲ್ಲಿ
ಕೋಲು ಹಾಕಿ ಅಳೆಯೋ ಜಗಳಕ್ಕೆ 400 ವರ್ಷದ ಇತಿಹಾಸ ಇದೆ. ಗ್ರಹಗಳ ಕಕ್ಷೆ ಕಂಡುಹಿಡಿದ ಕೆಪ್ಲರ್ ಇದ್ದಾನಲ್ಲ, 1613ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ಊರಲ್ಲಿ ಇದ್ದಾಗ ಎರಡನೇ ಮದುವೆ ಆದ. ವೈನ್ ಪೀಪಾಯಿ ತರಿಸಿದ್ರೆ, ಮಾರೋನು ಪೀಪಾಯಿಯ ಹೊಟ್ಟೆ ಮೇಲಿನ ತೂತಿಂದ ಒಂದು ಕೋಲನ್ನ ಓರೆಯಾಗಿ ಎದುರು ಮೂಲೆಗೆ ತಾಗಿಸಿ, ಕೋಲು ಎಷ್ಟು ಒದ್ದೆ ಆಯ್ತೋ ಅದರ ಮೇಲೆ ಹಣ ಕೇಳಿದ. ಉದ್ದ ಪೀಪಾಯಿಗೂ ಗಿಡ್ಡ ಪೀಪಾಯಿಗೂ ಒಂದೇ ಕೋಲು, ಒಂದೇ ಲೆಕ್ಕ. ಇದು ಹೇಗೆ ಸಾಧ್ಯ ಅಂತ ಈ ಮನುಷ್ಯ ಕೂತು 1615ರಲ್ಲಿ ಪೀಪಾಯಿಗಳ ಘನಫಲದ ಬಗ್ಗೆ ಒಂದು ಪುಸ್ತಕನೇ ಬರೆದುಬಿಟ್ಟ.

ತ್ರಿಜ್ಯ
ಅದರಲ್ಲಿ ಮಜಾ ಏನಪ್ಪಾ ಅಂದ್ರೆ ಮಾರೋನದ್ದು ಅಷ್ಟೇನೂ ಮೋಸ ಅಲ್ಲ. ಪೀಪಾಯಿನ ಸಿಲಿಂಡರ್ ಅಂತ ಇಟ್ಕೊಂಡ್ರೆ, ಕೋಲಿನ ಒಂದೇ ಅಳತೆಗೆ ಅತಿ ಹೆಚ್ಚು ಘನಫಲ ಬರೋದು ಉದ್ದ ವ್ಯಾಸದ 1.414 ಪಟ್ಟು ಇದ್ದಾಗ. ಆಸ್ಟ್ರಿಯಾದ ಪೀಪಾಯಿಗಳು ಆ ಪ್ರಮಾಣಕ್ಕೆ ಹತ್ರಾನೇ ಇದ್ವು. ಗರಿಷ್ಠದ ಹತ್ರ ಇದ್ದಾಗ ಆಕಾರ ಸ್ವಲ್ಪ ಆಚೀಚೆ ಆದ್ರೂ ಘನಫಲ ಹೆಚ್ಚುಕಮ್ಮಿ ಅಲುಗೋದೇ ಇಲ್ಲ. ಇದನ್ನ ಕೆಪ್ಲರೇ ಗಮನಿಸಿದ್ದ, ನ್ಯೂಟನ್ ಹುಟ್ಟೋಕೆ ಮುಂಚೆ.

ಹತ್ತನೇಕ್ಲಾಸಮ್ಮ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗಳಿಗೆ ಈ ಸಲ ಇದೇ ಪಾಠ. ಸಿಲಿಂಡರ್ ಘನಫಲ ಅರ್ಥ ಆಯ್ತಂತೆ, ಶಂಕು ಅದರ ಮೂರನೇ ಒಂದು ಭಾಗ ಯಾಕೆ ಅನ್ನೋದು ಆಗಿಲ್ಲ. ಮೇಷ್ಟ್ರು ಶಂಕುವಲ್ಲಿ ಮೂರು ಸಲ ಮರಳು ತುಂಬಿ ಸಿಲಿಂಡರಿಗೆ ಸುರಿದು ತೋರಿಸಿದ್ರಂತೆ. "ತುಂಬ್ತು ಸರಿ, ಆದ್ರೆ ಯಾಕೆ ತುಂಬ್ತು" ಅಂತ ಅವಳ ಪ್ರಶ್ನೆ. ನನಗಂತೂ ಉತ್ತರ ಗೊತ್ತಿಲ್ಲ.

ಪೈಪ್ರಿಯೆ
ಮಗಳು ಸರಿಯಾದ ಪ್ರಶ್ನೆ ಕೇಳಿದ್ದಾಳೆ ಅಕ್ಕ, ಬಿಡಬೇಡಿ. ಮೊದಲು ಒಂದು ಘನ ತಗೊಳ್ಳಿ, ಆರು ಮುಖದ್ದು. ಒಂದು ಮೂಲೆ ಹಿಡ್ಕೊಳ್ಳಿ. ಆ ಮೂಲೆಗೆ ತಾಗದೆ ಇರೋ ಮುಖಗಳು ಮೂರು. ಒಂದೊಂದು ಮುಖವನ್ನೂ ತಳ ಮಾಡ್ಕೊಂಡು ಆ ಮೂಲೆವರೆಗೆ ಒಂದೊಂದು ಪಿರಮಿಡ್ ಕಟ್ಟಿದ್ರೆ ಮೂರೂ ಒಂದೇ ಥರದವು, ಮೂರೂ ಸೇರಿದ್ರೆ ಪೂರ್ತಿ ಘನ. ಮೂರನೇ ಒಂದು ಬಂದಿದ್ದು ಅಲ್ಲಿಂದ. ರಟ್ಟಲ್ಲಿ ಮಾಡಿ ಅಂಟಿಸಿ ನೋಡೋಕೂ ಆಗುತ್ತೆ.

ಇನ್ನು ತಳ ಚೌಕದ ಬದಲು ವೃತ್ತ ಆದ್ರೆ? ಎರಡು ಆಕಾರಗಳನ್ನ ಅಕ್ಕಪಕ್ಕ ಇಟ್ಟು ಒಂದೇ ಎತ್ತರದಲ್ಲಿ ಅಡ್ಡ ಕುಯ್ದಾಗ, ಪ್ರತಿ ಎತ್ತರದಲ್ಲೂ ಸಿಗೋ ಬಿಲ್ಲೆಗಳ ವಿಸ್ತೀರ್ಣ ಸಮ ಇದ್ರೆ ಘನಫಲನೂ ಸಮ. ಕವಲಿಯೇರಿ ತತ್ವ ಅಂತಾರೆ, 1635ರದ್ದು. ತಳದ ವಿಸ್ತೀರ್ಣ, ಎತ್ತರ ಎರಡೂ ಒಂದೇ ಇದ್ರೆ ಪಿರಮಿಡ್‌ದೂ ಶಂಕುದೂ ಬಿಲ್ಲೆಗಳು ಒಂದೇ ಪ್ರಮಾಣದಲ್ಲಿ ಸಣ್ಣ ಆಗ್ತಾ ಹೋಗ್ತವೆ, ತಳ ಯಾವ ಆಕಾರ ಅನ್ನೋದು ಲೆಕ್ಕಕ್ಕೇ ಬರಲ್ಲ.

ಗೋಡೆಮೇಲಿನ ಹಲ್ಲಿ
ಇದೇ ಬಿಲ್ಲೆ ಐಡಿಯಾದಲ್ಲಿ ಗೋಳವೂ ಬಿದ್ದೋಗುತ್ತೆ. ಎತ್ತರ ತ್ರಿಜ್ಯದಷ್ಟೇ ಇರೋ ಸಿಲಿಂಡರ್ ಒಂದು, ಅದೇ ತ್ರಿಜ್ಯದ ಅರ್ಧಗೋಳ ಒಂದು, ಅದೇ ತ್ರಿಜ್ಯ ಅದೇ ಎತ್ತರದ ಶಂಕು ಒಂದು. ಶಂಕುವನ್ನ ಮೊನೆ ಕೆಳಗೆ ಮಾಡಿ ನಿಲ್ಲಿಸಿ, ಅರ್ಧಗೋಳವನ್ನ ಬೋರಲು ಹಾಕಿ. ತಳದಿಂದ h ಎತ್ತರದಲ್ಲಿ ಕುಯ್ದರೆ ಅರ್ಧಗೋಳದ ಬಿಲ್ಲೆ ಪೈ × (r² − h²), ಶಂಕುವಿನ ಬಿಲ್ಲೆ ಪೈ × h². ಕೂಡಿಸಿದ್ರೆ ಪೈ × r², ಅಂದ್ರೆ ಸಿಲಿಂಡರಿನ ಬಿಲ್ಲೆ. ಯಾವ ಎತ್ತರಕ್ಕೂ! ಅಲ್ಲಿಗೆ ಶಂಕು ಒಂದು, ಅರ್ಧಗೋಳ ಎರಡು, ಸಿಲಿಂಡರ್ ಮೂರು. ಪೈಥಾಗೊರಸ್ ಪ್ರಮೇಯ ಬಿಟ್ಟು ಬೇರೆ ಏನೂ ಬೇಕಾಗಿಲ್ಲ.

ಹತ್ತನೇಕ್ಲಾಸಮ್ಮ
ಮಗಳು ಪಕ್ಕದಲ್ಲೇ ಕೂತು ಓದಿದ್ಲು. "ಇದನ್ನ ಯಾಕೆ ಬುಕ್ಕಲ್ಲಿ ಹಾಕಿಲ್ಲ" ಅಂತ ಈಗ ನನ್ನ ಮೇಲೆ ಕೋಪ 🙏

ಪರಂಪರೆ ಪ್ರೇಮಿ
ಎಲ್ಲಾ ಕೆಪ್ಲರ್ ಕವಲಿಯೇರಿ ಅಂತಾನೇ ಆಯ್ತು. ನಮ್ಮ ಆರ್ಯಭಟ 499ರಲ್ಲೇ ಗೋಳದ ಘನಫಲ ಕೊಟ್ಟಾಗಿತ್ತು, ಅದನ್ನ ಯಾರೂ ಹೇಳಲ್ಲ.

ಕಟ್ಟೆಮೇಷ್ಟ್ರು
ಕೊಟ್ಟಿದ್ದಾನೆ ಸ್ವಾಮಿ, ಆದರೆ ಏನು ಕೊಟ್ಟಿದ್ದಾನೆ ಅಂತಲೂ ನೋಡಬೇಕಲ್ಲ. ವೃತ್ತದ ವಿಸ್ತೀರ್ಣವನ್ನು ಅದರದೇ ವರ್ಗಮೂಲದಿಂದ ಗುಣಿಸು ಅಂದಿದ್ದಾನೆ. ತ್ರಿಜ್ಯ 1 ಅಂತಿಟ್ಟುಕೊಂಡರೆ 5.57 ಬರುತ್ತೆ, ನಿಜವಾದದ್ದು 4.19. ಮೂರನೇ ಒಂದು ಭಾಗ ಜಾಸ್ತಿ. ಪೈಗೆ 3.1416 ಕೊಟ್ಟ ಅದೇ ಆರ್ಯಭಟ. ಸರಿಯಾದ ಸೂತ್ರ ಬೇಕಾದರೆ ಭಾಸ್ಕರಾಚಾರ್ಯರ ಲೀಲಾವತಿಗೆ ಬನ್ನಿ, 1150ರದ್ದು: ವೃತ್ತದ ವಿಸ್ತೀರ್ಣದ ನಾಲ್ಕರಷ್ಟು ಗೋಳದ ಮೇಲ್ಮೈ, ಆ ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ 6ರಿಂದ ಭಾಗಿಸಿದರೆ ಘನಫಲ. ಅಚ್ಚುಕಟ್ಟು. ಹೆಮ್ಮೆ ಪಡೋದಿದ್ದರೆ ಅದಕ್ಕೆ ಪಡೋಣ.

ಗೋಡೆಮೇಲಿನ ಹಲ್ಲಿ
ಸಿಸಿಲಿಯ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಇನ್ನೂ ಹಿಂದೆ, ಕ್ರಿ.ಪೂ. 3ನೇ ಶತಮಾನ. ಗೋಳದ ಸುತ್ತ ಬಿಗಿಯಾಗಿ ಕೂರೋ ಸಿಲಿಂಡರ್ ಇದ್ರೆ, ಗೋಳದ ಘನಫಲ ಅದರ ಮೂರನೇ ಎರಡು ಭಾಗ, ಮೇಲ್ಮೈಯೂ (ಮೇಲೆ ಕೆಳಗಿನ ಮುಚ್ಚಳ ಸೇರಿಸಿ) ಮೂರನೇ ಎರಡು ಭಾಗ. ಸಮಾಧಿ ಮೇಲೆ ಗೋಳ, ಸಿಲಿಂಡರ್ ಕೆತ್ತಿಸಿ ಅಂದಿದ್ನಂತೆ. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಹೋದ ರೋಮಿನ ಸಿಸೆರೊ ಮುಳ್ಳುಪೊದೆಯೊಳಗೆ ಆ ಸಮಾಧಿನ ಗುರುತು ಹಿಡಿದದ್ದು ಆ ಕೆತ್ತನೆಯಿಂದಾನೇ.

ಪರಂಪರೆ ಪ್ರೇಮಿ
ನಾನು ಹೇಳಿದ್ದರ ಅರ್ಥ ಅದಲ್ಲ. ಇರಲಿ ಬಿಡಿ.

ಸುಮ್ನೆಓದೋನು
ಮುಚ್ಚಳ ಬಿಟ್ರೆ?

ತ್ರಿಜ್ಯ
ಬಿಟ್ರೆ ಇನ್ನೂ ಚಂದ: ಗೋಳದ ಮೇಲ್ಮೈ = ಸಿಲಿಂಡರಿನ ಪಾರ್ಶ್ವ ಮೇಲ್ಮೈ. ಬರೀ ಒಟ್ಟು ಅಲ್ಲ, ಪಟ್ಟಿ ಪಟ್ಟಿಯಾಗೂ ಸಮ. 1 ಸೆಂ.ಮೀ. ಎತ್ತರದ ಪಟ್ಟಿಯನ್ನ ಗೋಳದ ನೆತ್ತಿ ಹತ್ರ ಕುಯ್ಯಿ, ಸೊಂಟದ ಹತ್ರ ಕುಯ್ಯಿ, ಎರಡರ ಮೇಲ್ಮೈ ವಿಸ್ತೀರ್ಣವೂ ಒಂದೇ. ನೆತ್ತಿ ಹತ್ರ ಸುತ್ತಳತೆ ಕಮ್ಮಿ, ಆದ್ರೆ ಅಲ್ಲಿ ಮೇಲ್ಮೈ ಮಲಗಿರೋದ್ರಿಂದ ಪಟ್ಟಿ ಅಗಲ ಜಾಸ್ತಿ. ಒಂದು ಎಷ್ಟು ಕಮ್ಮಿ ಆಗುತ್ತೋ ಇನ್ನೊಂದು ಅಷ್ಟೇ ಹೆಚ್ಚುತ್ತೆ.

ಮೂಲೆಯಿಲ್ಲ
ಒಂದು ತಕರಾರು. ಇಲ್ಲಿ ಎಲ್ಲರೂ ಸಿಲಿಂಡರನ್ನೂ ಗೋಳನೂ ಒಂದೇ ಜಾತಿಗೆ ಸೇರಿಸಿ ವಕ್ರ ಮೇಲ್ಮೈ ಅಂತಿದ್ದೀರಿ. ಸಿಲಿಂಡರ್ ಗಣಿತದ ಪ್ರಕಾರ ವಕ್ರನೇ ಅಲ್ಲ.

ಶಾರ್ಟ್‌ಕಟ್ ಶೂರ
ಇವತ್ತಿಗೆ ಇದೊಂದು ಬಾಕಿ ಇತ್ತು.

ಮೂಲೆಯಿಲ್ಲ
ನಗಬೇಡಿ ಸಾರ್. ಒಂದು ಕಾಗದ ಸುತ್ತಿ ಸಿಲಿಂಡರ್ ಮಾಡಬಹುದು, ಎಲ್ಲೂ ಸುಕ್ಕಾಗಲ್ಲ, ಹರಿಯಲ್ಲ, ಕಾಗದದ ಮೇಲೆ ಬರೆದ ಗೆರೆಗಳ ಉದ್ದ ಒಂಚೂರೂ ಬದಲಾಗಲ್ಲ. ಶಂಕುವೂ ಅಷ್ಟೇ. ಗೋಳಕ್ಕೆ ಅದೇ ಕಾಗದ ಹಚ್ಚೋಕೆ ಹೋಗಿ, ಸುಕ್ಕು ಬಿದ್ದೇ ಬೀಳುತ್ತೆ. ಜರ್ಮನ್ ಗಣಿತಜ್ಞ ಗೌಸ್ 1827ರಲ್ಲಿ ತೋರಿಸಿದ್ದು ಇದನ್ನೇ: ಮೇಲ್ಮೈಯನ್ನ ಹಿಗ್ಗಿಸದೆ ಕುಗ್ಗಿಸದೆ ಎಷ್ಟೇ ಬಗ್ಗಿಸಿದ್ರೂ ಬದಲಾಗದ ಒಂದು ವಕ್ರತೆ ಇದೆ. ಸಿಲಿಂಡರಿಗೆ ಅದು ಸೊನ್ನೆ, ಗೋಳಕ್ಕೆ ಸೊನ್ನೆ ಅಲ್ಲ. ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಅಷ್ಟು ದೊಡ್ಡದಾಗಿ ಕಾಣೋದು ಈ ಕಾರಣಕ್ಕೇ, ಗೋಳವನ್ನ ಚಪ್ಪಟೆ ಮಾಡುವಾಗ ಏನಾದ್ರೂ ಒಂದು ಕೆಡಲೇಬೇಕು.

ಇದರ ಉಪಯೋಗ ನೋಡಿ: ಪರಿಧಿ 7, ಎತ್ತರ 24 ಇರೋ ಕಂಬಕ್ಕೆ ಬುಡದಿಂದ ತುದಿಗೆ ಸರಿಯಾಗಿ ಒಂದು ಸುತ್ತು ಬರೋ ಹಾಗೆ ದಾರ ಸುತ್ತಿದ್ರೆ ದಾರದ ಉದ್ದ ಎಷ್ಟು? ಕಂಬದ ಮೇಲ್ಮೈ ಬಿಚ್ಚಿ ಹಾಸಿದ್ರೆ 7 × 24ರ ಆಯತ, ದಾರ ಅದರ ಕರ್ಣ. 25.

ವೆಲ್ಡಿಂಗ್ ಬಸಣ್ಣ
ಕಾಗದಕ್ಕ ಸರಿ. ಪ್ಲೇಟಿಗೆ ಹಂಗ ಆಗೂದಿಲ್ರಿ ಸರ. ಪ್ಲೇಟಿಗೆ ದಪ್ಪ ಐತಲ್ಲ, ಬಗ್ಗಿಸಿದಾಗ ಹೊರಗಿನ ಮೈ ಹಿಗ್ತದ, ಒಳಗಿನ ಮೈ ಕುಗ್ತದ. ಒಳವ್ಯಾಸ 500 ಎಂ.ಎಂ. ಬೇಕು, ಪ್ಲೇಟ್ 10 ಎಂ.ಎಂ. ದಪ್ಪ ಅಂತ ತಿಳೀರಿ. ಹೊಸ ಹುಡುಗ್ರು 500ಕ್ಕ ಪೈ ಹಾಕಿ 1571ಕ್ಕ ಕಟ್ ಮಾಡ್ತಾರ. ರೋಲ್ ಮಾಡಿ ಜೋಡಿಸಿದ ಮ್ಯಾಲ ಒಳವ್ಯಾಸ 490ಕ್ಕ ಬರ್ತದ. ಮಧ್ಯದ ವ್ಯಾಸ 510 ಹಿಡಿದು 1602ಕ್ಕ ಕಟ್ ಮಾಡ್ಬೇಕು. 31 ಎಂ.ಎಂ. ಫರಕು, ಸಣ್ಣದಲ್ಲ. ಒಮ್ಮಿ ಕಟ್ ಆದ ಪ್ಲೇಟು ಬೆಳಿಯೂದಿಲ್ಲ.

ಮೂಲೆಯಿಲ್ಲ
ಸೂಪರ್ ಬಸಣ್ಣ. ಹಿಗ್ಗದೆ ಕುಗ್ಗದೆ ಇರೋದು ಆ ಮಧ್ಯದ ಪದರ ಒಂದೇ, ಗೌಸ್ ಲೆಕ್ಕ ನಡಿಯೋದು ಅದಕ್ಕೆ.

ಹತ್ತನೇಕ್ಲಾಸಮ್ಮ
ಬಸಣ್ಣ ಅವರೇ, ಪೈಪನ್ನ ಓರೆಯಾಗಿ ಕತ್ತರಿಸಿ ಎಲ್ಬೋ ಮಾಡ್ತಾರಲ್ಲ, ಅದಕ್ಕೆ ತಗಡಿನ ಮೇಲೆ ಮೊದಲೇ ಗೆರೆ ಹೇಗೆ ಹಾಕ್ತೀರಿ? ಮಗಳ ಪ್ರಶ್ನೆ ಇದೂ.

ವೆಲ್ಡಿಂಗ್ ಬಸಣ್ಣ
ಪರಿಧಿ 12 ಭಾಗ ಮಾಡ್ತೀವ್ರಿ ಅಕ್ಕಾರ, ಒಂದೊಂದು ಭಾಗಕ್ಕ ಎತ್ತರ ಡ್ರಾಯಿಂಗಿನಿಂದ ತಗದು ಚುಕ್ಕಿ ಇಟ್ಟು ಸೇರಿಸಿದ್ರ ಅಲಿ ಅಲಿ ಗೆರಿ ಬರ್ತದ. ಅದರ ಮ್ಯಾಲ ಕತ್ತರಿಸಿ ಸುತ್ತಿದ್ರ ಕರೆಕ್ಟ್ ಓರೆ ಕಟ್.

ಪೈಪ್ರಿಯೆ
ಆ ಅಲೆ ಬೇರೆ ಯಾವುದೂ ಅಲ್ಲ, ಪಕ್ಕಾ ಸೈನ್ ವಕ್ರ! ಸುತ್ತಿದಾಗ ದೀರ್ಘವೃತ್ತ, ಬಿಚ್ಚಿದಾಗ ಸೈನ್. ಟ್ರಿಗನಾಮೆಟ್ರಿ ಯಾಕೆ ಕಲೀಬೇಕು ಅನ್ನೋರಿಗೆ ಇದನ್ನ ತೋರಿಸಿ.

ಶಾರ್ಟ್‌ಕಟ್ ಶೂರ
ಬಿಚ್ಚೋದು ಹಾಸೋದು ಯಾಕೆ, ಸಣ್ಣ ಸಣ್ಣ ತ್ರಿಕೋನ ಅಂಟಿಸ್ತಾ ಹೋದ್ರೆ ಯಾವ ಮೇಲ್ಮೈ ವಿಸ್ತೀರ್ಣ ಬೇಕಾದ್ರೂ ಸಿಗುತ್ತೆ, ಕಂಪ್ಯೂಟರ್ ಮಾಡೋದೂ ಅದೇ.

ಮೂಲೆಯಿಲ್ಲ
ಸಿಗುತ್ತೆ ಅಂತ ಎಲ್ಲರೂ ನಂಬಿದ್ರು. 19ನೇ ಶತಮಾನದ ಕೊನೆ ಭಾಗದಲ್ಲಿ ಹರ್ಮನ್ ಷ್ವಾರ್ಟ್ಸ್ ಅನ್ನೋನು ಇದೇ ಬಡಪಾಯಿ ಸಿಲಿಂಡರ್ ತಗೊಂಡು ಆ ನಂಬಿಕೆ ಮುರಿದ. ಸಿಲಿಂಡರನ್ನ ಅಡ್ಡಡ್ಡ ಪದರ ಮಾಡಿ, ಪ್ರತಿ ಪದರದಲ್ಲೂ ಮೈಗೆ ತಾಗೋ ಮೂಲೆಗಳಿರೋ ತ್ರಿಕೋನ ಕೂರಿಸಿ, ಪದರಗಳನ್ನ ತುಂಬಾ ಬೇಗ ಹೆಚ್ಚಿಸ್ತಾ ಹೋದ್ರೆ ತ್ರಿಕೋನಗಳು ಸಣ್ಣ ಆಗ್ತವೆ, ಸಿಲಿಂಡರಿಗೆ ಹತ್ರನೂ ಬರ್ತವೆ, ಆದ್ರೆ ಒಟ್ಟು ವಿಸ್ತೀರ್ಣ ಅನಂತಕ್ಕೆ ಓಡುತ್ತೆ. ತ್ರಿಕೋನಗಳು ಮೈಗೆ ಒರಗಿ ಕೂರೋ ಬದಲು ನೆರಿಗೆ ಥರ ಮಡಚಿಕೊಳ್ತವೆ, ಅದಕ್ಕೆ. ಸಣ್ಣ ಇದ್ರೆ ಸಾಲದು, ಮೇಲ್ಮೈ ಕಡೆ ಮುಖ ಮಾಡಿರಬೇಕು.

ಶಾರ್ಟ್‌ಕಟ್ ಶೂರ
ಸರಿ ಸಾರ್, ಈ ಪೋಸ್ಟಲ್ಲಿ ನನ್ನ ಗ್ರಹಚಾರ ಸರಿ ಇಲ್ಲ.

ಹಳೇಟ್ಯಾಂಕ್
ಇನ್ನೊಂದು ಡೌಟು, ಗೋಳಕ್ಕೆ ಒಂದೇ ಘನಫಲಕ್ಕೆ ಅತಿ ಕಮ್ಮಿ ಮೇಲ್ಮೈ ಅಂತಾರಲ್ಲ, ಹಾಗಾದ್ರೆ ಟ್ಯಾಂಕೆಲ್ಲ ಗೋಳನೇ ಯಾಕೆ ಮಾಡಲ್ಲ?

ತ್ರಿಜ್ಯ
ಉಳಿಯೋದು ನೀವಂದುಕೊಂಡಷ್ಟಿಲ್ಲ. ಮುಚ್ಚಿದ ಸಿಲಿಂಡರುಗಳಲ್ಲಿ ಎತ್ತರ = ವ್ಯಾಸ ಇರೋದು ಬೆಸ್ಟು. ಅದಕ್ಕೆ ಹೋಲಿಸಿದ್ರೆ ಗೋಳಕ್ಕೆ ತಗಡು 12.6% ಕಮ್ಮಿ. ಅಷ್ಟಕ್ಕೋಸ್ಕರ ಪ್ಲೇಟನ್ನ ಎರಡೂ ದಿಕ್ಕಿಗೆ ಬಗ್ಗಿಸಬೇಕು, ಮೂಲೆಯಿಲ್ಲ ಅವರು ಹೇಳಿದ ಸುಕ್ಕಿನ ಕಾಟ ಶುರು.

ವೆಲ್ಡಿಂಗ್ ಬಸಣ್ಣ
ಪ್ರೆಶರ್ ಇದ್ರ ಗೋಳ ಮಾಡ್ತಾರ್ರಿ, ಗ್ಯಾಸಿಗೆ. ಸಿಲಿಂಡರಿನ ಮೈಮ್ಯಾಲ ಸುತ್ತಲಿನ ಎಳೆತ ಉದ್ದಕ್ಕಿರೋ ಎಳೆತದ ಡಬಲ್ ಇರ್ತದ. ಅದಕ್ಕ ಸಿಲಿಂಡರ್ ಒಡದ್ರ ಉದ್ದಕ್ಕ ಸೀಳ್ತದ, ಅಡ್ಡ ತುಂಡಾಗೂದು ಕಡಿಮಿ. ಗೋಳದಾಗ ಎಲ್ಲಾ ಕಡೆ ಒಂದೇ, ಅದೂ ಅರ್ಧ. ಅದೇ ವ್ಯಾಸ ಅದೇ ಪ್ರೆಶರಿಗೆ ಅರ್ಧ ದಪ್ಪದ ಪ್ಲೇಟ್ ಸಾಕು.

ಕಟ್ಟೆಮೇಷ್ಟ್ರು
ನನ್ನದೂ ಒಂದು ಸಮಸ್ಯೆ ಇರಲಿ. ಗೋಳದ ನಡುವೆ ಕೇಂದ್ರದ ಮೂಲಕ ಹಾದುಹೋಗುವ ಹಾಗೆ ಸಿಲಿಂಡರ್ ಆಕಾರದ ತೂತು ಕೊರೆದಿದೆ. ತೂತಿನ ಗೋಡೆಯ ಎತ್ತರ 6 ಸೆಂ.ಮೀ. ಉಳಿದ ಬಳೆಯ ಘನಫಲ ಎಷ್ಟು?

ಶಾರ್ಟ್‌ಕಟ್ ಶೂರ
ಗೋಳದ ತ್ರಿಜ್ಯ ಕೊಟ್ಟಿಲ್ಲ ಮೇಷ್ಟ್ರೆ.

ಕಟ್ಟೆಮೇಷ್ಟ್ರು
ಬೇಕಿಲ್ಲ.

ಶಾರ್ಟ್‌ಕಟ್ ಶೂರ
ಬೇಕಿಲ್ಲ ಅಂದ್ರೆ? ದೊಡ್ಡ ಗೋಳಕ್ಕೆ ದೊಡ್ಡ ಬಳೆ ಅಲ್ವಾ? ಬೇಕಿಲ್ಲ ಅನ್ನೋದಾದ್ರೆ ತೂತಿನ ಅಗಲ ಸೊನ್ನೆ ಅಂತ ಇಟ್ಕೊಂತೀನಿ, ಆಗ 6 ಸೆಂ.ಮೀ. ವ್ಯಾಸದ ಪೂರ್ತಿ ಗೋಳ, 36 ಪೈ, ಸುಮಾರು 113 ಘನ ಸೆಂ.ಮೀ.

ಪೈಪ್ರಿಯೆ
ಶೂರರೇ, ಈ ಸಲ ಶಾರ್ಟ್‌ಕಟ್ ಸರಿಯಾಗಿ ಕೂತಿದೆ 👏 ಕಾರಣ ಮತ್ತೆ ಅದೇ ಬಿಲ್ಲೆ. ಗೋಳದ ತ್ರಿಜ್ಯ R ಅಂತಿಟ್ಕೊಳ್ಳಿ, ತೂತಿನ ಎತ್ತರದ ಅರ್ಧ 3, ಹಾಗಾಗಿ ಪೈಥಾಗೊರಸ್ ಪ್ರಕಾರ ತೂತಿನ ತ್ರಿಜ್ಯದ ವರ್ಗ R² − 9. ನಡುವಿಂದ h ಎತ್ತರದಲ್ಲಿ ಬಳೆಯ ಬಿಲ್ಲೆ = ಪೈ × (R² − h²) ಕಳೆ ಪೈ × (R² − 9). R² ಹೊಡೆದೋಗಿ ಪೈ × (9 − h²) ಉಳಿಯುತ್ತೆ. ಅದು ತ್ರಿಜ್ಯ 3 ಇರೋ ಗೋಳದ ಬಿಲ್ಲೆ.

ಸುಮ್ನೆಓದೋನು
ಭೂಮಿಗೆ ಕೊರೆದ್ರೂ?

ಪೈಪ್ರಿಯೆ
ಭೂಮಿಗೆ ಕೊರೆದ್ರೂ 113 ಘನ ಸೆಂ.ಮೀ.

ತ್ರಿಜ್ಯ
ಆ ಬಳೆಯ ದಪ್ಪ ಲೆಕ್ಕ ಹಾಕಿದೆ, ತ್ರಿಜ್ಯ 6371 ಕಿ.ಮೀ. ಹಿಡಿದು. ಅತಿ ದಪ್ಪ ಇರೋ ಕಡೆ 0.07 ನ್ಯಾನೋಮೀಟರ್. ಒಂದು ಹೈಡ್ರೋಜನ್ ಪರಮಾಣು ಕೂಡ ಅದರಲ್ಲಿ ಹಿಡಿಸಲ್ಲ.

ವೆಲ್ಡಿಂಗ್ ಬಸಣ್ಣ
ಅಷ್ಟು ತೆಳ್ಳಗಿಂದು ನಮ್ಮ ಕಡೆ ವೆಲ್ಡ್ ಆಗೂದಿಲ್ರಿ.